ಸರಕು ಹಡಗಿನ ಪ್ರಯಾಣಿಕ

ಪರದೇಶಕ್ಕೆ ಹೋಗುವುದೆಂದರೆ ಹಡಗು ಹತ್ತುವುದೆಂದೇ ಅರ್ಥವಿದ್ದ ಕಾಲವೊಂದಿತ್ತು. ನಮ್ಮ ಹಿರಿಯರಲ್ಲಿ ವಿಲಾಯತಿಗೆ ಓದಲು ಹೋದವರು ಮುಂಬಯಿಯಲ್ಲಿ ಹಡಗನ್ನೇರಿ, ಎರಡು ಮೂರು ವಾರಗಳನ್ನು ನೀರಿನ ಮೇಲೆ ಕಳೆದು, ಆ ಬಳಿಕವೇ ಪರನೆಲದ ಮುಖ ಕಾಣುತ್ತಿದ್ದರು. ವಿ. ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟದ್ದು ಹಾಗೆಯೇ. ಕನ್ನಡಕ್ಕೆ ಅವರ ‘ಸಮುದ್ರಗೀತೆಗಳು’ ದೊರೆತದ್ದು ಅಂಥ ಯಾನದ ಫಲವಾಗಿ. ಜೆಟ್ ವಿಮಾನಗಳು ಬಂದ ಮೇಲೆ, 1960 ಮತ್ತು 70ರ ದಶಕಗಳಲ್ಲಿ, ಆ ಪ್ರಯಾಣಿಕ ಹಡಗುಗಳು ಒಂದೊಂದಾಗಿ ಮರೆಯಾದವು. ವಿನೋದವಿಹಾರದ ಬೃಹತ್ ನೌಕೆಗಳು ಈಗಲೂ ಉಂಟು. ಆದರೆ ಅವು ತೇಲುವ ಹೋಟೆಲುಗಳು, ಅವುಗಳ ಮಾತು ಇಲ್ಲಿ ಬೇಡ.

ನಾನು ಹೇಳಹೊರಟಿರುವುದು ಸರಕು ಹಡಗಿನ ವಿಷಯ. ಜಗತ್ತಿನ ವ್ಯಾಪಾರದ ಸರಕಿನಲ್ಲಿ, ಪ್ರಮಾಣದ ಲೆಕ್ಕದಲ್ಲಿ, ನೂರಕ್ಕೆ ಎಂಬತ್ತು ಪಾಲಿಗೂ ಮಿಕ್ಕಿ ಇಂದಿಗೂ ಸಮುದ್ರದ ಮೇಲೆಯೇ ಸಾಗುತ್ತದೆ. ತಾವು ಈಗ ನನ್ನ ಮಾತನ್ನು ಕೇಳುತ್ತಿರುವ ರೇಡಿಯೋದ ಒಳಗಿನ ಬಿಡಿಭಾಗಗಳಲ್ಲಿ ಕೆಲವಾದರೂ ಹಡಗಿನಲ್ಲಿ ಬಂದಿರಬೇಕು. ಅಂಥ ಹಡಗಿನಲ್ಲಿ ಹಣ ಕೊಟ್ಟು ಮನುಷ್ಯರೂ ಹೋಗಬಹುದಾಗಿತ್ತೆಂಬುದನ್ನು ಬಲ್ಲವರು ವಿರಳ. ‘ಹೋಗಬಹುದಾಗಿತ್ತು’ ಎಂದು ಭೂತಕಾಲದಲ್ಲಿ ಹೇಳಿದ್ದಕ್ಕೆ ಕಾರಣವುಂಟು. ಅದು ಮುಂದೆ ಬರುತ್ತದೆ.

ಸಮುದ್ರದಲ್ಲಿ ಜೀವರಕ್ಷಣೆಯನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ. ಹನ್ನೆರಡಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ಹಡಗು ‘ಪ್ರಯಾಣಿಕ ಹಡಗು’ ಎಂದು ಅದರ ವ್ಯಾಖ್ಯೆ. ಹನ್ನೆರಡರವರೆಗೆ ಒಯ್ದರೆ ಅದು ಸರಕು ಹಡಗಾಗಿಯೇ ಉಳಿಯುತ್ತದೆ. ಪ್ರಯಾಣಿಕ ಹಡಗಿಗೆ ಅನ್ವಯಿಸುವ ಕಟ್ಟುನಿಟ್ಟಿನ ನಿಯಮಗಳು ಅದಕ್ಕೆ ತಗಲುವುದಿಲ್ಲ. ಈ ಸಂಖ್ಯೆಯ ಸಂದಿನಲ್ಲಿಯೇ ನನ್ನಂಥವರ ಪ್ರಯಾಣ ನಡೆದದ್ದು. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅಂತರರಾಷ್ಟ್ರೀಯ ಯಾನದಲ್ಲಿ ನೂರು ಅಥವಾ ಅದಕ್ಕೆ ಮಿಕ್ಕಿ ಜನರಿರುವ ಹಡಗಿಗೆ ಮಾತ್ರ ವೈದ್ಯರು ಕಡ್ಡಾಯ. ಇಪ್ಪತ್ತು ಚಿಲ್ಲರೆ ಜನರ ಸರಕು ಹಡಗಿನಲ್ಲಿ ವೈದ್ಯರಿರುವುದಿಲ್ಲ. ಅಧಿಕಾರಿಗಳಲ್ಲೊಬ್ಬರು ಪ್ರಥಮ ಚಿಕಿತ್ಸೆಯ ತರಬೇತಿ ಪಡೆದು, ಔಷಧದ ಕಪಾಟಿನ ಬೀಗದ ಕೈ ಇಟ್ಟುಕೊಂಡಿರುತ್ತಾರೆ. ಆದ್ದರಿಂದಲೇ ಟಿಕೇಟಿನ ಮೊದಲು ಕೇಳುವುದು ವೈದ್ಯರ ದೃಢೀಕರಣ ಪತ್ರವನ್ನು. ಸಾಮಾನ್ಯವಾಗಿ ಎಂಬತ್ತು ದಾಟಿದವರನ್ನು ಒಯ್ಯುತ್ತಿರಲಿಲ್ಲ.

ನಾನು ಭೂಗೋಳವನ್ನು ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದವನು. ಸೂಯೆಜ್ ಕಾಲುವೆಯ ನಕ್ಷೆಯನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದು ಅಳಿಸಿದ್ದೇನೋ ಲೆಕ್ಕವಿಲ್ಲ. 2017ರಲ್ಲಿ ಜರ್ಮನಿಯಲ್ಲಿದ್ದ ಮಗಳ ಮನೆಗೆ ವಿಮಾನದಲ್ಲಿ ಹೋದವನು ಹಿಂದಿರುಗುವಾಗ ನೀರಿನ ದಾರಿಯನ್ನು ಆರಿಸಿಕೊಂಡೆ: ಹ್ಯಾಂಬರ್ಗಿನಿಂದ ಕೊಲಂಬೊ, ಸುಮಾರು ಇಪ್ಪತ್ತೆರಡು ದಿನ. ಊಟ ವಸತಿ ಸೇರಿ ದಿನಕ್ಕೆ ನೂರು ಯೂರೋಗಳ ಆಸುಪಾಸು. ವಿಮಾನಕ್ಕಿಂತ ಅಗ್ಗವೇನಲ್ಲ, ಅನೇಕ ಪಟ್ಟು ತುಟ್ಟಿ. ಮಗಳಂತೂ, “ಅಪ್ಪಾ, ಇಷ್ಟು ದುಡ್ಡು ಕೊಟ್ಟು ಪೆಟ್ಟಿಗೆಗಳ ಜೊತೆ ಹೋಗ್ತೀರಾ?” ಎಂದು ಕೇಳಿಯೇ ಬಿಟ್ಟಳು.

ಪೆಟ್ಟಿಗೆಗಳ ಜೊತೆ ಎಂಬ ಅವಳ ಮಾತು ಅಕ್ಷರಶಃ ನಿಜ. ಹಡಗಿನ ಉದ್ದ ಸುಮಾರು 300 ಮೀಟರ್, ಅಗಲ 40 ಮೀಟರ್. ನಮ್ಮ ಕಡೆಯ ಸಣ್ಣ ಊರೊಂದರ ರಥಬೀದಿಯನ್ನು ಎತ್ತಿ ಅದರ ಮೇಲಿಟ್ಟರೆ ಇನ್ನೂ ಸ್ಥಳ ಉಳಿದೀತು. ಆರು ಸಾವಿರಕ್ಕೂ ಮಿಕ್ಕಿ ಕಂಟೇನರುಗಳಿಗೆ ಎಡೆಯಿದೆ ಎನ್ನುತ್ತಾರೆ. ಲೆಕ್ಕ ಇಪ್ಪತ್ತು ಅಡಿಯ ಪೆಟ್ಟಿಗೆಯದು, ಎಂದರೆ ಆರು ಮೀಟರಿಗೆ ಸ್ವಲ್ಪ ಹೆಚ್ಚು ಉದ್ದ, ಎರಡೂವರೆ ಮೀಟರಿನಷ್ಟು ಅಗಲ. ಇಷ್ಟು ದೊಡ್ಡ ಹಡಗನ್ನು ನಡೆಸುವವರು ಇಪ್ಪತ್ತೆರಡು ಜನ. ಕಪ್ತಾನರು ಪೋಲೆಂಡಿನವರು, ಅಧಿಕಾರಿಗಳು ಪೂರ್ವ ಯೂರೋಪಿನವರು ಕೆಲವರು, ಭಾರತೀಯರು ಇಬ್ಬರು, ಉಳಿದ ನಾವಿಕರು, ಅಡುಗೆಯವನೂ ಸೇರಿ, ಫಿಲಿಪೀನ್ಸಿನವರು. ಹಡಗಿನ ಒಡೆಯರು ಒಂದು ದೇಶದವರು, ಬಾಡಿಗೆಗೆ ಹಿಡಿದವರು ಇನ್ನೊಂದು ದೇಶದವರು. ಹಿಂಬದಿಯಲ್ಲಿ ಬರೆದ ಊರು ಮಾತ್ರ ಮನ್ರೋವಿಯಾ, ಲೈಬೀರಿಯದ ರಾಜಧಾನಿ. ಆ ಊರಿನ ಬಂದರನ್ನು ಈ ಹಡಗು ಎಂದೂ ಕಂಡಿಲ್ಲವೆಂದು ಕಪ್ತಾನರೇ ಹೇಳಿದರು. ತೆರಿಗೆ ಮತ್ತು ನಿಯಮಗಳ ಅನುಕೂಲಕ್ಕಾಗಿ ಲೈಬೀರಿಯ, ಪನಾಮ, ಮಾರ್ಷಲ್ ದ್ವೀಪಗಳಂಥ ದೇಶಗಳಲ್ಲಿ ನೋಂದಾಯಿಸುವುದು ನೌಕಾವ್ಯಾಪಾರದ ಹಳೆಯ ಪದ್ಧತಿ.

ಇದರಿಂದ ಒಂದು ವಿನೋದವೂ ಒದಗಿತು. ಹ್ಯಾಂಬರ್ಗ್ ಸಮುದ್ರದ ದಂಡೆಯಲ್ಲಿಲ್ಲ; ಎಲ್ಬೆ ನದಿಯಲ್ಲಿ ನೂರು ಕಿಲೋಮೀಟರಿಗೂ ಮಿಕ್ಕಿ ಒಳಗಿದೆ. ನದಿಯ ದಾರಿಯಲ್ಲಿ ವೇಡಲ್ ಎಂಬ ಊರಿನ ದಂಡೆಯಲ್ಲಿ, 1952ರಿಂದಲೂ, ಹೋಗಿಬರುವ ಹಡಗುಗಳಿಗೆ ವಂದನೆ ಸಲ್ಲಿಸುವ ನೆಲೆಯೊಂದಿದೆ. ಹಡಗು ಎದುರಿಗೆ ಬಂದಾಗ ಬಾವುಟವನ್ನು ತಗ್ಗಿಸಿ, ಆ ಹಡಗು ಯಾವ ದೇಶದ್ದೋ ಆ ದೇಶದ ರಾಷ್ಟ್ರಗೀತೆಯನ್ನು ಧ್ವನಿವರ್ಧಕದಲ್ಲಿ ನುಡಿಸುತ್ತಾರೆ. ನಮಗೆ ಲೈಬೀರಿಯದ ರಾಷ್ಟ್ರಗೀತೆಯಾಯಿತು. ಡೆಕ್ಕಿನ ಮೇಲೆ ಹಗ್ಗ ಸುತ್ತುತ್ತಿದ್ದ ಫಿಲಿಪೀನ್ಸಿನ ತರುಣನೊಬ್ಬ, ಗೌರವಕ್ಕೆ ಲೋಪ ಬಾರದಂತೆ, ಕೈಗವಸು ಕಳಚಿ ಒಂದು ಕ್ಷಣ ನೆಟ್ಟಗೆ ನಿಂತ. ಆ ಗೀತೆಗೆ ನಿಜವಾಗಿ ಎದ್ದು ನಿಲ್ಲಬೇಕಾದ ಪ್ರಜೆ ಇಡೀ ಹಡಗಿನಲ್ಲಿ ಒಬ್ಬನೂ ಇರಲಿಲ್ಲ.

ನಮ್ಮ ವಾಸ ಹಡಗಿನ ಹಿಂಭಾಗದ ಕಡೆಗಿರುವ ಎಂಟು ಅಂತಸ್ತಿನ ಕಟ್ಟಡದಲ್ಲಿ. ತುದಿಯಲ್ಲಿ ಹಡಗನ್ನು ನಡೆಸುವ ಗಾಜಿನ ಕೋಣೆ. ಅದನ್ನು ಬ್ರಿಜ್ ಎನ್ನುತ್ತಾರೆ. ಅದರ ಕೆಳಗೆ ಕಪ್ತಾನರ ಮನೆ, ಅನಂತರ ಅಧಿಕಾರಿಗಳದು, ಇನ್ನೂ ಕೆಳಗೆ ನಾವಿಕರದು, ಎಲ್ಲಕ್ಕೂ ಕೆಳಗೆ ಅಡುಗೆಮನೆ ಮತ್ತು ಎರಡು ಊಟದ ಮನೆಗಳು. ಪಂಕ್ತಿಭೇದ ಅಲ್ಲಿಯೂ ಉಂಟು: ಅಧಿಕಾರಿಗಳದು ಒಂದು, ನಾವಿಕರದು ಇನ್ನೊಂದು. ಪ್ರಯಾಣಿಕನಿಗೆ ಅಧಿಕಾರಿಗಳ ಪಂಕ್ತಿಯಲ್ಲಿ ಒಂದು ಕುರ್ಚಿಯನ್ನು ಗೊತ್ತುಮಾಡಿ ಕೊಡುತ್ತಾರೆ. ಕೊನೆಯವರೆಗೂ ಅದೇ ಕುರ್ಚಿ. ನನ್ನ ಕೋಣೆ ಧಾರಾಳವಾಗಿತ್ತು. ಮಂಚ, ಮೇಜು, ಸೋಫಾ, ಸ್ನಾನದ ಮನೆ, ಎರಡು ಕಿಟಕಿ. ಕಿಟಕಿಯಿಂದ ಸಮುದ್ರ ಕಾಣುತ್ತದೆಂದು ನಂಬಿದ್ದೆ. ರಾಟರ್‌ಡ್ಯಾಮಿನಲ್ಲಿ ಸರಕು ಹೇರಿದ ಮೇಲೆ ಕಂಡದ್ದು ತುಕ್ಕುಗೆಂಪು ಬಣ್ಣದ ಕಂಟೇನರಿನ ಬಾಗಿಲು, ಅದೂ ಒಂದು ಮಾರು ದೂರದಲ್ಲಿ. ಸಮುದ್ರ ಬೇಕಾದರೆ ಮೆಟ್ಟಿಲು ಹತ್ತಿ ಬ್ರಿಜ್ಜಿಗೆ ಹೋಗಬೇಕು.

ದಿನಚರಿ ಆಶ್ರಮದಂತೆ. ಬೆಳಗಿನ ತಿಂಡಿ ಏಳೂವರೆಗೆ, ಊಟ ಹನ್ನೆರಡಕ್ಕೆ, ರಾತ್ರಿಯ ಊಟವೆಂಬುದು ಸಂಜೆ ಐದೂವರೆಗೇ. ನಡುವೆ ಹತ್ತಕ್ಕೆ ಮತ್ತು ಮೂರಕ್ಕೆ ಕಾಫಿ. ಶಾಕಾಹಾರಿಯಾದ ನನ್ನ ಬಗ್ಗೆ ಅಡುಗೆಯವನು ಮೊದಲ ಎರಡು ದಿನ ಚಿಂತಾಕ್ರಾಂತನಾಗಿದ್ದ. ಫಿಲಿಪೀನ್ಸಿನವರಿಗೂ ಮೂರು ಹೊತ್ತು ಅನ್ನ ಬೇಕೆಂಬುದೇ ನನ್ನನ್ನು ಕಾಪಾಡಿತು. ಹತ್ತು ದಿನ ಕಳೆಯುವಷ್ಟರಲ್ಲಿ ಸೊಪ್ಪು, ಟೊಮೇಟೊ ಮುಗಿದು ಎಲೆಕೋಸು, ಆಲೂಗಡ್ಡೆ, ಈರುಳ್ಳಿ ಉಳಿಯುತ್ತವೆ. ಗುರುವಾರ ಮಾತ್ರ ಐಸ್‌ಕ್ರೀಮು. ಜರ್ಮನ್ ನಾವಿಕರ ಹಳೆಯ ಸಂಪ್ರದಾಯದಲ್ಲಿ ಗುರುವಾರವೆಂದರೆ ಕಡಲಿನ ಭಾನುವಾರವಂತೆ. ಸಾಬೂನು, ಬಿಸ್ಕತ್ತು, ಸಿಗರೇಟುಗಳಿಗೆ ಕಪ್ತಾನರ ವಶದಲ್ಲೊಂದು ಸಣ್ಣ ಅಂಗಡಿ. ಚೀಟಿ ಬರೆದು ಕೊಟ್ಟರೆ ಸಾಮಾನು ಕೋಣೆಗೆ ಬರುತ್ತದೆ, ಲೆಕ್ಕ ಕೊನೆಯಲ್ಲಿ.

ಕುಡಿಯುವ, ಮೀಯುವ ನೀರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅದನ್ನು ಹಡಗೇ ತಯಾರಿಸಿಕೊಳ್ಳುತ್ತದೆ. ಎಂಜಿನ್ನನ್ನು ತಣಿಸಿ ಬರುವ ನೀರು ಎಂಬತ್ತು ಡಿಗ್ರಿಯಷ್ಟು ಬಿಸಿಯಾಗಿರುತ್ತದೆ. ಅಷ್ಟು ಬಿಸಿಯಿಂದ ಸಮುದ್ರದ ನೀರನ್ನು ಕುದಿಸುವುದು ಮಾಮೂಲಿನಂತೆ ಆಗದು. ಆದರೆ ಪಾತ್ರೆಯ ಗಾಳಿಯನ್ನು ಹೀರಿ ಒತ್ತಡ ತಗ್ಗಿಸಿದರೆ ನೀರು ನಲವತ್ತೈದು ಐವತ್ತು ಡಿಗ್ರಿಯಲ್ಲಿಯೇ ಕುದಿಯುತ್ತದೆ. ಆ ಆವಿಯನ್ನು ತಣಿಸಿದರೆ ಸಿಹಿನೀರು. ಬೆಟ್ಟದ ಮೇಲೆ ಅನ್ನ ಬೇಯುವುದು ತಡವೆಂದು ತರಗತಿಯಲ್ಲಿ ಹೇಳುತ್ತೇವಲ್ಲ, ಅದೇ ತತ್ತ್ವ. ಇಡೀ ಹಡಗಿನ ಸ್ನಾನ ಪಾನಗಳು ಎಂಜಿನ್ನು ಬಿಸಾಡುವ ಶಾಖದಿಂದ ನಡೆಯುತ್ತವೆ.

ಹತ್ತಿದ ಮರುದಿನವೇ ಕವಾಯತು. ಏಳು ಸಲ ಗಿಡ್ಡ ಕೂಗು, ಕೊನೆಗೊಂದು ಉದ್ದನೆಯ ಕೂಗು. ಅದು ಕೇಳಿದೊಡನೆ ಜೀವರಕ್ಷಕ ಅಂಗಿ, ಶಿರಸ್ತ್ರಾಣ ತೊಟ್ಟು ಗೊತ್ತಾದ ಸ್ಥಳದಲ್ಲಿ ನಿಲ್ಲಬೇಕು. ತಣ್ಣೀರಿನಲ್ಲಿ ಬಿದ್ದರೆ ಜೀವ ಹಿಡಿದಿಡುವ ಕೆಂಪು ರಬ್ಬರಿನ ಇಡೀ ಮೈಯ ದಿರಿಸನ್ನು ಎರಡು ನಿಮಿಷದೊಳಗೆ ತೊಡುವ ಅಭ್ಯಾಸ ಮಾಡಿಸಿದರು. ಪಂಚೆಯುಡುವವನಿಗೆ ಅದು ಸುಲಭದ ಕೆಲಸವಲ್ಲ. ಗೋಡೆಯ ಮೇಲಿನ ಪಟ್ಟಿಯಲ್ಲಿ ಪ್ರತಿಯೊಬ್ಬನ ಹೆಸರಿನ ಮುಂದೆ ಅಪಾಯಕಾಲದ ಕರ್ತವ್ಯ ಬರೆದಿತ್ತು: ಒಬ್ಬನಿಗೆ ಬೆಂಕಿಯ ಕೊಳವೆ, ಒಬ್ಬನಿಗೆ ದೋಣಿಯ ಎಂಜಿನ್ನು, ಅಡುಗೆಯವನಿಗೆ ಕಂಬಳಿಗಳು. ನನ್ನ ಹೆಸರಿನ ಮುಂದೆ ಬರೆದದ್ದು, ‘ಆಜ್ಞೆಯಂತೆ ನಿಲ್ಲತಕ್ಕದ್ದು’.

ಆ ಸಾಲೇ ಪ್ರಯಾಣಿಕನ ಸ್ಥಿತಿಯ ಪೂರ್ಣ ವರ್ಣನೆ. ಹಡಗಿನಲ್ಲಿ ಕೆಲಸವಿಲ್ಲದವನು ಅವನೊಬ್ಬನೇ. ಮೇಲೆ ಬ್ರಿಜ್ಜಿನಲ್ಲಿ ಮೂವರು ಅಧಿಕಾರಿಗಳು ನಾಲ್ಕು ನಾಲ್ಕು ಗಂಟೆಯ ಪಾಳಿಯಲ್ಲಿ ಹಗಲಿಗೊಮ್ಮೆ ಇರುಳಿಗೊಮ್ಮೆ ನಿಲ್ಲುತ್ತಾರೆ: ನಾಲ್ಕರಿಂದ ಎಂಟು ಮುಖ್ಯ ಅಧಿಕಾರಿ, ಎಂಟರಿಂದ ಹನ್ನೆರಡು ಮೂರನೆಯವರು, ಹನ್ನೆರಡರಿಂದ ನಾಲ್ಕು ಎರಡನೆಯವರು. ಡೆಕ್ಕಿನ ಮೇಲೆ ತುಕ್ಕು ಕೆರೆದು ಬಣ್ಣ ಬಳಿಯುವ ಕೆಲಸ ಎಂದಿಗೂ ಮುಗಿಯದು. ಮುಂಭಾಗದಿಂದ ಬಳಿಯುತ್ತ ಹಿಂಭಾಗ ಮುಟ್ಟುವಷ್ಟರಲ್ಲಿ ಮುಂಭಾಗ ಮತ್ತೆ ತುಕ್ಕು ಹಿಡಿದಿರುತ್ತದೆ. ಬಿಸ್ಕೇ ಕೊಲ್ಲಿಯಲ್ಲಿ ಎರಡು ದಿನ ಹಡಗು ಮಗ್ಗುಲಿನಿಂದ ಮಗ್ಗುಲಿಗೆ ಹೊರಳಿದಾಗ, ನಾನು ಹಾಸಿಗೆಯಲ್ಲಿ ಅಡ್ಡಲಾಗಿ ಮಲಗಿ ಮೇಜಿನ ಕಾಲು ಹಿಡಿದಿದ್ದರೆ, ಅವರು ಟಾರ್ಚು ಹಿಡಿದು ಕಂಟೇನರುಗಳನ್ನು ಬಿಗಿದ ಉಕ್ಕಿನ ಸಲಾಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. ಇವರ ನಡುವೆ ಪುಸ್ತಕ ಹಿಡಿದು ಕೂರುವುದಕ್ಕೆ ಮೊದಮೊದಲು ಸಂಕೋಚವಾಗುತ್ತದೆ. ಒಂದು ವಾರದ ಮೇಲೆ ಸಂಕೋಚ ಹೋಗಿ, ನಿಜ ಹೇಳಬೇಕೆಂದರೆ, ಓದೂ ಹೋಗುತ್ತದೆ. ನೀರನ್ನು ನೋಡುವುದೇ ಕೆಲಸವಾಗುತ್ತದೆ.

ಮೂರನೆಯ ಎಂಜಿನಿಯರು ಗಂಗೊಳ್ಳಿಯ ಕಡೆಯವರು. ನಾನು ಕನ್ನಡಿಗನೆಂದು ತಿಳಿದ ದಿನ ಎಣ್ಣೆ ಮೆತ್ತಿದ ಅಂಗಿಯಲ್ಲಿಯೇ ಮೇಲೆ ಬಂದು ನನ್ನನ್ನು ಆಪಾದಮಸ್ತಕ ನೋಡಿ, “ದುಡ್ಡ್ ಕೊಟ್ಟ್ ಇದ್ರಗೆ ಬಪ್ಪೋರೂ ಇದ್ರಾ ಮಾಷ್ಟ್ರೇ?” ಎಂದರು. ಅಂದಿನಿಂದ ನನಗೆ ಮಿಡಿ ಉಪ್ಪಿನಕಾಯಿಯ ಭರಣಿಯಲ್ಲಿ ಪಾಲು ದೊರೆಯಿತು. ಅವರ ಆರು ತಿಂಗಳ ಕರಾರಿನಲ್ಲಿ ಮೂರು ಕಳೆದಿತ್ತು. ಊರಿನಲ್ಲಿ ಮಗಳು ಹುಟ್ಟಿ ನಲವತ್ತು ದಿನವಾಗಿತ್ತು. ಅವರು ಕಂಡಿದ್ದದ್ದು ಭಾವಚಿತ್ರವನ್ನಷ್ಟೇ.

ಎಂಜಿನ್ನಿನ ಮನೆಯನ್ನು ನನಗೆ ತೋರಿಸಿದವರು ಅವರೇ. ಕಿವಿಗೆ ಮುಚ್ಚಳ ಹಾಕಿಕೊಂಡು ಏಣಿಯ ಮೇಲೆ ಏಣಿ ಇಳಿಯಬೇಕು. ಸೆಕೆ ನಲವತ್ತು ಡಿಗ್ರಿ ದಾಟಿದ್ದು. ಎಂಜಿನ್ನೇ ಮೂರಂತಸ್ತಿನ ಮನೆಯಷ್ಟು ಎತ್ತರ. ಹನ್ನೆರಡು ಸಿಲಿಂಡರುಗಳು, ಒಂದೊಂದರ ಬಾಯಿ ಸುಮಾರು ಒಂದು ಮೀಟರು. ಅದರಿಂದ ಹೊರಟ ದಂಡ ನೇರವಾಗಿ ಹಡಗಿನ ಹಿಂದಿನ ರೆಕ್ಕೆಚಕ್ರಕ್ಕೆ ಸೇರಿದೆ. ನಡುವೆ ಗೇರು ಎಂಬುದಿಲ್ಲ. ಪೂರ್ಣ ವೇಗದಲ್ಲಿಯೂ ನಿಮಿಷಕ್ಕೆ ನೂರು ಸುತ್ತಿನ ಆಸುಪಾಸು, ನಮ್ಮ ಹಿಟ್ಟಿನ ಗಿರಣಿಗಿಂತಲೂ ಎಷ್ಟೋ ನಿಧಾನ. ಹಿಂದಕ್ಕೆ ಹೋಗಬೇಕಾದರೆ ಎಂಜಿನ್ನನ್ನೇ ನಿಲ್ಲಿಸಿ, ಒತ್ತಿಟ್ಟ ಗಾಳಿಯಿಂದ ತಿರುಗಾಮುರುಗಾ ಹೊರಡಿಸಬೇಕು. ಉರಿಸುವ ಎಣ್ಣೆ ಶುದ್ಧೀಕರಣದ ಗಸಿ. ತಣ್ಣಗಿದ್ದಾಗ ಡಾಂಬರಿನಂತೆ ಗಟ್ಟಿ. ನೂರು ಡಿಗ್ರಿಗೂ ಮೀರಿ ಕಾಯಿಸಿದರೆ ಮಾತ್ರ ಸೂಜಿರಂಧ್ರದಲ್ಲಿ ಸಿಡಿಯುವಷ್ಟು ತೆಳುವಾಗುತ್ತದೆ.

ಹಡಗು ಇಷ್ಟು ನಿಧಾನವೇಕೆಂದು ಕೇಳಿದೆ. ನಾವು ಹೋಗುತ್ತಿದ್ದದ್ದು ಹದಿನೆಂಟು ನಾಟ್ ವೇಗದಲ್ಲಿ, ಎಂದರೆ ಗಂಟೆಗೆ 33 ಕಿಲೋಮೀಟರು. ಹಡಗಿನ ಶಕ್ತಿ ಇಪ್ಪತ್ತನಾಲ್ಕು ನಾಟಿಗೂ ಸಾಕು. ಉತ್ತರದಲ್ಲಿ ನನಗೊಂದು ಗಣಿತದ ಪಾಠವಾಯಿತು. ನೀರಿನಲ್ಲಿ ವೇಗ ಹೆಚ್ಚಿಸಲು ಬೇಕಾಗುವ ಶಕ್ತಿ ಸ್ಥೂಲವಾಗಿ ವೇಗದ ಘನದಂತೆ ಏರುತ್ತದೆ. ವೇಗವನ್ನು ಐದರಲ್ಲಿ ಒಂದು ಪಾಲು ತಗ್ಗಿಸಿದರೆ ಎಂಜಿನ್ನಿನ ಮೇಲಿನ ಭಾರ ಅರ್ಧಕ್ಕಿಳಿಯುತ್ತದೆ. 2008ರ ಆರ್ಥಿಕ ಕುಸಿತದ ನಂತರ ಹಡಗಿನ ಕಂಪನಿಗಳೆಲ್ಲ ಈ ಗಣಿತವನ್ನು ಕಲಿತವು. ಉಳಿತಾಯ ಅವರದು, ಸಮುದ್ರದ ಮೇಲಿನ ಹೆಚ್ಚಿನ ದಿನಗಳು ನಾವಿಕರವು.

ಬಂದರಿನಲ್ಲಿಯಾದರೂ ನಾವಿಕರಿಗೆ ಊರು ನೋಡುವ ಸುಖವಿದೆಯೆಂದು ನಾವು ತಿಳಿಯುತ್ತೇವೆ. ಅದು ಕಂಟೇನರಿಗೆ ಹಿಂದಿನ ಕಥೆ. ಮೂಟೆ, ಪೀಪಾಯಿ, ಗೋಣಿಗಳನ್ನು ಹಮಾಲರು ಹೊತ್ತು ಇಳಿಸುತ್ತಿದ್ದ ಕಾಲದಲ್ಲಿ ಹಡಗು ವಾರಗಟ್ಟಲೆ ಬಂದರಿನಲ್ಲಿ ನಿಲ್ಲುತ್ತಿತ್ತು. 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು ಐವತ್ತೆಂಟು ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ನ್ಯೂಅರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಮಾಲ್ಕಂ ಮಕ್‌ಲೀನ್ ಎಂಬ ಲಾರಿ ವ್ಯಾಪಾರಿಯ ಯೋಜನೆ ಅದು. ಅಂದಿನಿಂದ ವಾರಗಳು ದಿನಗಳಾಗಿ, ದಿನಗಳು ಗಂಟೆಗಳಾದವು. ರಾಟರ್‌ಡ್ಯಾಮಿನಲ್ಲಿ ನಾವಿದ್ದದ್ದು ಒಂದು ಹಗಲು ಒಂದು ರಾತ್ರಿ. ಕಟ್ಟೆಯ ಮೇಲೆ ಮನುಷ್ಯರೇ ಕಾಣಲಿಲ್ಲ. ಪೆಟ್ಟಿಗೆಗಳನ್ನೊಯ್ಯುವ ಗಾಡಿಗಳಿಗೂ ಚಾಲಕರಿರಲಿಲ್ಲ. ಪೆಟ್ಟಿಗೆಯೊಳಗೆ ಏನಿದೆಯೆಂಬುದು, ಅಪಾಯಕರ ವಸ್ತುಗಳನ್ನೂ ಶೀತಲ ಪೆಟ್ಟಿಗೆಗಳನ್ನೂ ಬಿಟ್ಟರೆ, ಹಡಗಿನವರಿಗೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ.

ಹ್ಯಾಂಬರ್ಗಿನ ಬಂದರಿನಲ್ಲಿ ‘ಡುಕ್‌ಡಾಲ್ಬೆನ್’ ಎಂಬ ನಾವಿಕರ ಕೂಟವೊಂದಿದೆ; ಕ್ರೈಸ್ತ ಸೇವಾಸಂಸ್ಥೆಯೊಂದು 1986ರಿಂದ ನಡೆಸಿಕೊಂಡು ಬಂದಿದೆ. ಸಣ್ಣ ವ್ಯಾನಿನಲ್ಲಿ ಹಡಗಿನ ಬುಡಕ್ಕೇ ಬಂದು ನಾವಿಕರನ್ನು ಕರೆದೊಯ್ಯುತ್ತಾರೆ. ಅಲ್ಲಿ ಬೇರೆ ಬೇರೆ ಧರ್ಮದವರೆಲ್ಲ ಮೌನವಾಗಿ ಕೂರಬಹುದಾದ ಒಂದು ಕೋಣೆಯುಂಟು. ಆದರೆ ಹೆಚ್ಚಿನವರು ಮೊದಲು ಓಡುವುದು ಫೋನಿಗೆ ಸಂಪರ್ಕ ಸಿಗುವ ಮೂಲೆಗೆ. ಎರಡು ಗಂಟೆಯ ಬಿಡುವಿನಲ್ಲಿ ಯೂರೋಪಿನ ದೊಡ್ಡ ನಗರವೊಂದರ ಬಾಗಿಲವರೆಗೆ ಬಂದು, ಅದಕ್ಕೆ ಬೆನ್ನು ಹಾಕಿ ಕುಳಿತು, ಮನಿಲಾದಲ್ಲಿರುವ ಹೆಂಡತಿಯ ಜೊತೆ ಮಾತಾಡುವ ಮನುಷ್ಯನನ್ನು ನಾನು ಅಲ್ಲಿ ಕಂಡೆ.

ಜಿಬ್ರಾಲ್ಟರನ್ನು ಇರುಳಿನಲ್ಲಿ ದಾಟಿದೆವು. ಭೂಮಧ್ಯಸಮುದ್ರದ ಬಗ್ಗೆ ಹೇಳುವಂಥದೇನೂ ಇಲ್ಲ. ಐದು ದಿನ ಬಿಸಿಲು, ನೀಲಿ. ಸೂಯೆಜಿನ ಮಾತು ಬೇರೆ. 1869ರ ನವೆಂಬರಿನಲ್ಲಿ ತೆರೆದ ಈ ಕಾಲುವೆಗೆ ಇಂದಿನ ಉದ್ದ 193 ಕಿಲೋಮೀಟರು. ಎರಡೂ ಸಮುದ್ರಗಳ ಮಟ್ಟದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲದ ಕಾರಣ ಪನಾಮದಂತೆ ನೀರನ್ನು ಏರಿಸಿ ಇಳಿಸುವ ಬಾಗಿಲುಗಳು ಬೇಕಿಲ್ಲ. ಪೋರ್ಟ್ ಸೈಯದಿನ ಹೊರಗೆ ಹಡಗುಗಳು ಲಂಗರು ಹಾಕಿ ಸರದಿ ಕಾಯುತ್ತವೆ. ಆಮೇಲೆ ಒಂದರ ಹಿಂದೊಂದು, ಗಂಟೆಗೆ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ, ದಿಬ್ಬಣದಂತೆ ಸಾಗುತ್ತವೆ. ಹಡಗನ್ನು ದಡಕ್ಕೆ ಕಟ್ಟಬೇಕಾಗಿ ಬಂದರೆ ಇರಲೆಂದು ಈಜಿಪ್ಟಿನ ದೋಣಿಯಾಳುಗಳು ತಮ್ಮ ದೋಣಿಯ ಸಮೇತ ಮೇಲೆ ಬಂದು, ಪಡಸಾಲೆಯಲ್ಲಿ ಬಟ್ಟೆ ಹಾಸಿ, ಪಿರಮಿಡ್ಡಿನ ಬೊಂಬೆಗಳನ್ನು ಮಾರಾಟಕ್ಕೆ ಹರಡಿದರು. ದಕ್ಷಿಣಕ್ಕೆ ಹೋಗುವಾಗ ಎಡಗಡೆ ಸಿನಾಯ್ ಮರುಭೂಮಿ. ಬಲಗಡೆ ನೈಲ್ ನದಿಯ ನೀರುಂಡ ಹಸಿರು, ಖರ್ಜೂರದ ತೋಪು, ಕತ್ತೆಯ ಮೇಲೆ ಹುಲ್ಲು ಹೇರಿಕೊಂಡು ಹೋಗುವ ರೈತ. ನೀರು ಕಾಣದಷ್ಟು ದೂರದಿಂದ ನೋಡುವವರಿಗೆ ನಾವು ಮರಳಿನ ಮೇಲೆ ತೇಲಿದಂತೆ ಕಂಡಿರಬೇಕು. 2001ರಲ್ಲಿ ತೆರೆದ ಸೇತುವೆಯೊಂದು ಎಪ್ಪತ್ತು ಮೀಟರು ಮೇಲೆ ಹಾದುಹೋಯಿತು. ನನ್ನ ಕರಿಹಲಗೆಯ ನಕ್ಷೆಯಲ್ಲಿ ಇವು ಯಾವುವೂ ಇರಲಿಲ್ಲ. ಎರಡು ಗೆರೆಗಳಿದ್ದವು ಅಷ್ಟೆ.

ಕಾಲುವೆಯ ನಡುವೆ ಗ್ರೇಟ್ ಬಿಟರ್ ಲೇಕ್ ಎಂಬ ಸರೋವರವಿದೆ. 1967ರ ಜೂನ್ ಯುದ್ಧದಲ್ಲಿ ಕಾಲುವೆ ಮುಚ್ಚಿದಾಗ ಎಂಟು ದೇಶಗಳ ಹದಿನಾಲ್ಕು ಹಡಗುಗಳು ಇಲ್ಲಿ ಸಿಕ್ಕಿಬಿದ್ದವು. ಕಾಲುವೆ ಮರಳಿ ತೆರೆದದ್ದು 1975ರ ಜೂನ್ ಐದರಂದು. ಎಂಟು ವರ್ಷ! ನಾವಿಕರು ಪಾಳಿಯ ಮೇಲೆ ಬದಲಾಗುತ್ತಿದ್ದರು. ಹಡಗುಗಳು ಮಾತ್ರ ಮರುಭೂಮಿಯ ಧೂಳು ಮೆತ್ತಿ ಹಳದಿಯಾಗಿ ನಿಂತಿದ್ದವು. ಶೀತಲಸಮರದ ಎರಡು ಪಕ್ಷಗಳವರೂ ಸೇರಿ ಒಂದು ಸಂಘ ಕಟ್ಟಿಕೊಂಡು, ಆಟೋಟ ನಡೆಸಿ, ಕೈಯಾರೆ ಅಂಚೆಚೀಟಿಗಳನ್ನು ಅಚ್ಚುಹಾಕಿದರು. ಕೊನೆಗೆ ಸ್ವಂತ ಶಕ್ತಿಯಿಂದ ಊರು ಸೇರಿದವು ಎರಡೇ, ಜರ್ಮನಿಯ ಎರಡು ಹಡಗುಗಳು. ಅವು ತಲುಪಿದ್ದು ನಾವು ಹೊರಟು ಬಂದಿದ್ದ ಹ್ಯಾಂಬರ್ಗಿಗೆ.

ಇದೆಲ್ಲ ಹಳೆಯ ಮಾತೆಂದು ನಾನು ಆಗ ಎಣಿಸಿದ್ದೆ. 2021ರ ಮಾರ್ಚ್ 23ರಂದು ‘ಎವರ್ ಗಿವನ್’ ಎಂಬ 400 ಮೀಟರಿನ ಹಡಗು ಬಿರುಗಾಳಿಯಲ್ಲಿ ಕಾಲುವೆಗೆ ಅಡ್ಡಲಾಗಿ ಸಿಕ್ಕಿ ಆರು ದಿನ ಲೋಕದ ವ್ಯಾಪಾರವನ್ನೇ ತಡೆಯಿತು. ಆ ಸುದ್ದಿಯನ್ನು ಎಲ್ಲರೂ ಕೇಳಿದ್ದೇವೆ. ಹಡಗು ಕದಲಿದ ಮೇಲಿನ ಸುದ್ದಿಯನ್ನು ಕೇಳಿದವರು ಕಡಿಮೆ. ಪರಿಹಾರದ ವ್ಯಾಜ್ಯ ಮುಗಿಯುವ ತನಕ, ಜುಲೈ ಏಳರವರೆಗೆ, ಅದನ್ನು ಇದೇ ಸರೋವರದಲ್ಲಿ ಹಿಡಿದಿಟ್ಟಿದ್ದರು. ಅದರ ನಾವಿಕರು ಇಪ್ಪತ್ತೈದು ಮಂದಿ, ಎಲ್ಲರೂ ಭಾರತೀಯರು. ಕೆಲವರಷ್ಟೇ ನಡುವೆ ಊರಿಗೆ ಹೋಗಲು ಸಾಧ್ಯವಾಯಿತು.

ಕೆಂಪು ಸಮುದ್ರದ ಕೊನೆಗೆ ಬಂದಾಗ ಹಡಗಿನ ವೇಷ ಬದಲಾಯಿತು. ಸೊಮಾಲಿಯದ ಕಡಲ್ಗಳ್ಳರ ಭಯದಿಂದ ಸುತ್ತಲೂ ಮುಳ್ಳುತಂತಿ. ಒಳಬಾಗಿಲುಗಳಿಗೆ ಉಕ್ಕಿನ ಅಗಳಿ. ಕಳ್ಳರು ಹತ್ತಿದರೆ ಎಲ್ಲರೂ ಸೇರಿ ಅಡಗಬೇಕಾದ ಭದ್ರಕೋಣೆಯ ದಾರಿಯನ್ನು ನನಗೂ ತೋರಿಸಿದರು. ರಾತ್ರಿ ಕಿಟಕಿಗಳಿಗೆ ಕಪ್ಪು ಪರದೆ. ಏಡನ್ ಕೊಲ್ಲಿಯಲ್ಲಿ ಹಡಗುಗಳಿಗೆಂದು ಗುರುತು ಮಾಡಿದ ಓಣಿಯೊಂದಿದೆ. ನಮ್ಮ ನೌಕಾಪಡೆಯೂ 2008ರಿಂದ ಅಲ್ಲಿ ಕಾವಲಿದೆ. ಒಂದು ಬೆಳಿಗ್ಗೆ ರೇಡಿಯೋದಲ್ಲಿ ಭಾರತದ ಯುದ್ಧನೌಕೆಯ ಕರೆ ಕೇಳಿ ಮೈ ಜುಮ್ಮೆಂದಿತು. 2023ರ ನವೆಂಬರಿನಿಂದ ಯೆಮೆನಿನ ಕಡೆಯಿಂದ ಹಡಗುಗಳ ಮೇಲೆ ಕ್ಷಿಪಣಿಗಳು ಬೀಳತೊಡಗಿದಾಗ, ಮುಳ್ಳುತಂತಿಯಿಂದ ತಡೆಯಬಹುದಾದ ಶತ್ರುಗಳ ಕಾಲವೇ ವಾಸಿಯೆಂದು ನಾವಿಕರಿಗೆ ತೋರಿರಬೇಕು. ಆಗ ಅನೇಕ ಹಡಗುಗಳು ವಾಸ್ಕೋ ಡ ಗಾಮನ ದಾರಿ ಹಿಡಿದು ಆಫ್ರಿಕವನ್ನು ಸುತ್ತಿ ಹೋದವು. ಯಾನಕ್ಕೆ ಹತ್ತು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಕೂಡಿತು.

ಅರಬ್ಬೀ ಸಮುದ್ರದಲ್ಲಿ ಗಡಿಯಾರದ ಆಟ ಆರಂಭವಾಯಿತು. ಭೂಮಿ ಹದಿನೈದು ರೇಖಾಂಶ ತಿರುಗುವುದಕ್ಕೆ ಒಂದು ಗಂಟೆ. ಪೂರ್ವಕ್ಕೆ ಹೋಗುವ ಹಡಗು ಅಷ್ಟಷ್ಟು ದೂರಕ್ಕೆ ಒಂದೊಂದು ಗಂಟೆಯನ್ನು ಕಳೆದುಕೊಳ್ಳುತ್ತದೆ. ‘ಇಂದು ರಾತ್ರಿ ಗಡಿಯಾರ ಒಂದು ಗಂಟೆ ಮುಂದಕ್ಕೆ’ ಎಂದು ಊಟದ ಮನೆಯ ಹಲಗೆಯ ಮೇಲೆ ಬರೆಯುತ್ತಾರೆ. ಕಳೆದ ಗಂಟೆಯನ್ನು ಮೂವರು ಪಾಳಿಯ ಅಧಿಕಾರಿಗಳು ತಲಾ ಇಪ್ಪತ್ತು ನಿಮಿಷದಂತೆ ಹಂಚಿಕೊಳ್ಳುವುದನ್ನು ಕಂಡು, ಅಣ್ಣತಮ್ಮಂದಿರ ಹಿಸ್ಸೆಯ ನೆನಪಾಯಿತು. ಕೊನೆಯದು ಅರ್ಧ ಗಂಟೆ, ನಮ್ಮ ದೇಶದ ಮತ್ತು ಲಂಕೆಯ ಐದೂವರೆಯ ಲೆಕ್ಕಕ್ಕಾಗಿ. ಈ ಅರ್ಧದ ಅಗತ್ಯವನ್ನು ಕಪ್ತಾನರಿಗೆ ವಿವರಿಸಲು ನಾನು ಬಹಳ ಪ್ರಯತ್ನಿಸಿದೆ. ಅವರು ಒಪ್ಪಲಿಲ್ಲ.

ಆ ಅರ್ಧ ಗಂಟೆ ಕಳೆದ ಇರುಳು, ಎರಡು ಗಂಟೆಯ ವೇಳೆಗೆ, ನನ್ನ ಬಾಗಿಲು ತಟ್ಟಿದ ಸದ್ದಾಯಿತು. “ಮಾಷ್ಟ್ರೇ, ಏಳಿ, ಮಿನಿಕಾಯ್.” ಬ್ರಿಜ್ಜಿನ ಹೊರಚಾಚಿನಲ್ಲಿ ಹೋಗಿ ನಿಂತೆವು. ಎಡಗಡೆ ಕತ್ತಲಲ್ಲಿ ಒಂದು ಬೆಳಕು ತಿರುತಿರುಗಿ ಮಿಂಚುತ್ತಿತ್ತು. 1885ರಿಂದಲೂ ಉರಿಯುತ್ತಿರುವ ಮಿನಿಕಾಯ್ ದ್ವೀಪದ ದೀಪಸ್ತಂಭ. ಇಡೀ ಯಾನದಲ್ಲಿ ನಾವು ಕಂಡ ಭಾರತ ಅದೊಂದೇ. ಎಂಜಿನಿಯರು ಫೋನನ್ನು ತಲೆಯ ಮೇಲೆತ್ತಿ, ಅತ್ತ ಇತ್ತ ತಿರುಗಿಸಿ, ಸಂಪರ್ಕ ಹುಡುಕುತ್ತಿದ್ದರು. ಸಿಕ್ಕಿತು. ಮನೆಯವರು ಎದ್ದರು, ಮಗುವನ್ನೂ ಎಬ್ಬಿಸಿರಬೇಕು. ಅವರು ಮಾತೇನೂ ಆಡಲಿಲ್ಲ, ಕಿವಿಗೊತ್ತಿ ಕೇಳುತ್ತ ನಿಂತರು. ಆರೇಳು ನಿಮಿಷವಾದ ಮೇಲೆ ಸಂಪರ್ಕ ಕಡಿಯಿತು. “ಕೂಗ್ತಾ ಇತ್ತ್” ಎಂದಷ್ಟೇ ಹೇಳಿ, ನಾಲ್ಕಕ್ಕೆ ಏನೋ ಕವಾಟ ಬಿಚ್ಚುವ ಕೆಲಸವಿದೆಯೆಂದು ಕೆಳಗಿಳಿದರು. ಅವರ ಊರು ಅಲ್ಲಿಂದ ಎರಡು ದಿನದ ದಾರಿಯೂ ಇರಲಿಲ್ಲ. ಹಡಗಿನಲ್ಲಿ ಇನ್ನೂ ಮೂರು ತಿಂಗಳಿತ್ತು.

ಕೊಲಂಬೊದಲ್ಲಿ ನಾನಿಳಿದೆ. ಗೋಡೆಯ ಪಟ್ಟಿಯಿಂದ ನನ್ನ ಹೆಸರಿನ ಚೀಟಿಯನ್ನು ತೆಗೆದು ಮುಖ್ಯ ಅಧಿಕಾರಿ ನನಗೇ ಕೊಟ್ಟರು.

ಇನ್ನು ಆ ಭೂತಕಾಲದ ವಿಷಯ. 2020ರಲ್ಲಿ ಕೊರೋನಾ ಬಂದಾಗ ಕಂಪನಿಗಳು ಪ್ರಯಾಣಿಕರನ್ನು ಒಯ್ಯುವುದನ್ನು ನಿಲ್ಲಿಸಿದವು. ಹೆಚ್ಚಿನವು ಮರಳಿ ಆ ಗೋಜಿಗೆ ಹೋಗಲಿಲ್ಲ. ಹನ್ನೆರಡು ಜನರಿಂದ ಬರುವ ಬಾಡಿಗೆ ಅವುಗಳಿಗೆ ಲೆಕ್ಕಕ್ಕೇ ಇಲ್ಲ. ಪ್ರಯಾಣಿಕರಿಗಾದ ನಷ್ಟವನ್ನು ದೊಡ್ಡದು ಮಾಡಲಾರೆ. ದೇಶದೇಶಗಳು ಬಾಗಿಲು ಹಾಕಿಕೊಂಡ ಆ ವರ್ಷ, ಕರಾರು ಮುಗಿದರೂ ಇಳಿಯಲಾಗದೆ ಹಡಗಿನಲ್ಲೇ ಉಳಿದ ನಾವಿಕರು ಸುಮಾರು ನಾಲ್ಕು ಲಕ್ಷವೆಂದು ವಿಶ್ವಸಂಸ್ಥೆಯ ಅಂದಾಜು. ಹನ್ನೆರಡು ತಿಂಗಳಿಗೆ ಮೊದಲು ನಾವಿಕನನ್ನು ಊರಿಗೆ ಕಳಿಸಬೇಕೆಂದು 2006ರ ನಾವಿಕ ಕಾರ್ಮಿಕ ಒಪ್ಪಂದ ಹೇಳುತ್ತದೆ. ಆ ವರ್ಷ ಅದು ಕಾಗದದ ಮೇಲೆ ಉಳಿಯಿತು. ಒಂದು ಒಳ್ಳೆಯ ತಿದ್ದುಪಡಿಯನ್ನೂ ಹೇಳಬೇಕು. ಹಡಗಿನಲ್ಲಿ ನಾವಿಕರಿಗೆ ಅಂತರಜಾಲದ ಸಂಪರ್ಕವನ್ನು ಒದಗಿಸಬೇಕೆಂಬ ನಿಯಮ ಅದೇ ಒಪ್ಪಂದಕ್ಕೆ ಸೇರಿ, 2024ರ ಡಿಸೆಂಬರಿನಲ್ಲಿ ಜಾರಿಗೆ ಬಂದಿದೆ.

ಗಂಗೊಳ್ಳಿಯ ಎಂಜಿನಿಯರು ಆ ಹೊತ್ತಿಗೆ ಬೇರೊಂದು ಹಡಗಿನಲ್ಲಿ ಎರಡನೆಯ ಎಂಜಿನಿಯರಾಗಿದ್ದರು. ಆರು ತಿಂಗಳಿಗೆಂದು ಹೋದವರು ಹನ್ನೊಂದು ತಿಂಗಳು ಅಲ್ಲಿಯೇ ಇದ್ದರು. ಬದಲಿ ಬಂದವನನ್ನು ಹದಿನಾಲ್ಕು ದಿನ ಪ್ರತ್ಯೇಕವಾಗಿಡಬೇಕಿತ್ತಂತೆ. ಅದಕ್ಕೆ ಖಾಲಿ ಬಿದ್ದಿದ್ದ ಪ್ರಯಾಣಿಕರ ಕೋಣೆಯನ್ನೇ ತೆರೆದರೆಂದು ಅವರು ನನಗೆ ಬರೆದರು. ಕಿಟಕಿಗೆ ಕಂಟೇನರಿನ ಬಾಗಿಲು ಅಡ್ಡ ಇತ್ತೋ ಇಲ್ಲವೋ, ಅದನ್ನು ಬರೆದಿರಲಿಲ್ಲ.